ಬೋರಲು ಹಾಸಿದ ಹನ್ನೆರಡು ಮ್ಯಾಟ್

ಜಹೀರಾಬಾದಿನ ನಮ್ಮ ಓಣಿಯಲ್ಲಿ ಯಾರಾದರೂ ಯೋಗದ ಮ್ಯಾಟ್ ಕೊಳ್ಳುವುದಾದರೆ ಒಮ್ಮೆ ನನ್ನನ್ನು ಕೇಳಿ ಹೋಗುತ್ತಾರೆ. ನಾನು ಹೇಳುವುದು ಮೂರು ನಾಲ್ಕು ಮಾತು. ಅದರ ಮೇಲೆ ಮಲಗಿದರೆ ತಲೆಯೂ ಹಿಮ್ಮಡಿಯೂ ಒಳಗೇ ಇರಬೇಕು. ಹೆಬ್ಬೆರಳಿನಿಂದ ಒತ್ತಿದಾಗ ಹಾಸಿಗೆಯ ಹಾಗೆ ಒಳಕ್ಕೆ ಹೋಗಬಾರದು, ಅಂಥದ್ದರ ಮೇಲೆ ಒಂಟಿಗಾಲಲ್ಲಿ ನಿಂತರೆ ಕಣಕಾಲು ಹೊಯ್ದಾಡುತ್ತದೆ. ಮೂಗಿಗೆ ಹಿಡಿದರೆ ತಲೆ ನೋಯುವಷ್ಟು ರಬ್ಬರಿನ ವಾಸನೆ ಬರಬಾರದು. ಇಷ್ಟೆಲ್ಲ ನೋಡುವ ಮೊದಲು, ನಿಮ್ಮ ನೆಲ ಯಾವುದು ಹೇಳಿ. ಪಾಲಿಶ್ ಮಾಡಿದ ತಾಂಡೂರು ಕಲ್ಲಾದರೆ ಅಂಥದೇ ಕಲ್ಲಿನ ಮೇಲೆ ಮ್ಯಾಟ್ ಹಾಸಿ, ಮೇಲೆ ನಿಂತು, ಕಾಲಿನಿಂದ ಮುಂದಕ್ಕೆ ತಳ್ಳಿ ನೋಡಿ. ಜರುಗಿದರೆ ಅಲ್ಲೇ ಬಿಟ್ಟು ಬನ್ನಿ.

"ಎಲ್ಲಾ ಬರೋಬ್ಬರಿ ತಿಳದದ ನೋಡ್ರಿ ನಿಮಗ," ಎಂದು ಹೊಗಳಿ ಹೋಗುತ್ತಾರೆ. ಕೊನೆಯ ಮಾತನ್ನು ನಾನು ಎಲ್ಲಿ ಕಲಿತೆ ಎಂದು ಯಾರೂ ಕೇಳುವುದಿಲ್ಲ. ಅದನ್ನು ಕಲಿಯಲು ರೊಟ್ಟಿ ಬಡಿದು ಬದುಕುವ ಒಬ್ಬ ಹೆಣ್ಣುಮಗಳ ಬಲಗೈ ಮಣಿಕಟ್ಟು ಮುರಿಯಬೇಕಾಯಿತು.

ನಾನು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಮೊದಲು ತಾಂಡೂರು, ಆಮೇಲೆ ನಾರಾಯಣಖೇಡ. ತರಬೇತಿಯ ಹಾಸ್ಟೆಲಿನಲ್ಲಿ ಗಂಟೆ ಬಾರಿಸಿದರೆ ಏಳು, ಬಾರಿಸಿದರೆ ಉಣ್ಣು, ಬಾರಿಸಿದರೆ ಮಲಗು. ಹಾಸಿಗೆಯ ಚಾದರದ ಮೂಲೆ ಒಂದು ಬೆರಳು ಸೊಟ್ಟಗಿದ್ದರೆ ಇಡೀ ಹಾಸಿಗೆಯನ್ನು ಕಿತ್ತು ಮತ್ತೆ ಹಾಸಿಸುತ್ತಿದ್ದರು. ಆ ಶಿಸ್ತು ನನ್ನ ಮೈಗೆ ಹತ್ತಿತು, ನಿವೃತ್ತಿಯಾದ ಮೇಲೂ ಬಿಡಲಿಲ್ಲ.

ತಾಂಡೂರಿನ ವಾರ್ಡಿನಲ್ಲಿ ಆ ಊರಿನದೇ ಕಲ್ಲು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕನ್ನಡಿ. ರೋಗಿ ಬಿದ್ದರೆ ಅಲ್ಲಿ ಒಂದು ಕಾಗದ ಬರೆಯುವ ಪದ್ಧತಿ ಇತ್ತು: ಯಾವ ಹೊತ್ತು, ಯಾವ ಜಾಗ, ಕಾಲಲ್ಲಿ ಏನಿತ್ತು, ಬಿದ್ದದ್ದೇಕೆ. ಒಮ್ಮೆ ಒಬ್ಬ ಹೊಸ ಹುಡುಗಿ ಕಾರಣದ ಜಾಗದಲ್ಲಿ "ರೋಗಿಯ ಅಜಾಗರೂಕತೆ" ಎಂದು ಬರೆದಿದ್ದಳು. ನಾನು ಅವಳನ್ನು ಕರೆದುಕೊಂಡು ಹೋಗಿ ಆ ಜಾಗದಲ್ಲೇ ಕೂರಿಸಿ, ನೆಲದ ಮೇಲೆ ಅಂಗೈ ಆಡಿಸು ಎಂದೆ. ಸೋಪಿನ ನೀರು ಕೈಗೆ ಹತ್ತಿತು. "ಮೊದಲು ನೆಲ ನೋಡು, ಆಮ್ಯಾಲ ಮನಷ್ಯಾರನ್ನ ಬೈ," ಎಂದಿದ್ದೆ. ಮುಂದೆ ಎಷ್ಟು ಜನ ಕಿರಿಯರಿಗೆ ಇದೇ ಮಾತು ಹೇಳಿದೆನೋ ಲೆಕ್ಕವಿಲ್ಲ.

ನಿವೃತ್ತಿಯ ನಂತರ ಜಹೀರಾಬಾದಿನಲ್ಲಿ ಮನೆ ಮಾಡಿದೆ. ಓಣಿಯ ಹೆಂಗಸರಿಗೆ ಸಕ್ಕರೆ ಕಾಯಿಲೆ, ಮೊಣಕಾಲು ನೋವು. ಡಾಕ್ಟರು ನಡೆಯಿರಿ ಎನ್ನುತ್ತಾರೆ. ನಡೆಯಲು ಹೋದರೆ ಹೈವೇ ಲಾರಿಗಳು. ಹಾಗಾಗಿ ಬೆಳಗ್ಗೆ ಖಾಲಿ ಬಿದ್ದಿರುವ ಒಂದು ಸಣ್ಣ ಫಂಕ್ಷನ್ ಹಾಲನ್ನು ಕೇಳಿಕೊಂಡು ಯೋಗ ಶುರು ಮಾಡಿದೆ. ಐದೂವರೆ ಎಂದರೆ ಐದೂವರೆ. ಐದು ಮೂವತ್ತೆರಡಕ್ಕೆ ಬಂದವರು ಹೊರಗೇ ನಿಂತು ಕೈ ಕಾಲು ಆಡಿಸಿ ಹೋಗಬೇಕು. ಹನ್ನೆರಡು ಜನ ಗಟ್ಟಿಯಾಗಿ ನಿಂತರು.

ಆದರೆ ಅವರು ತರುತ್ತಿದ್ದ ಹಾಸುಗಳನ್ನು ನೋಡಿದರೆ ನನಗೆ ಬೆಳಗ್ಗೆಯೇ ತಲೆ ಕೆಡುತ್ತಿತ್ತು. ಒಬ್ಬರದು ಜಮಖಾನ, ಒಬ್ಬರದು ಮಡಿಚಿದ ಸೀರೆ, ಒಬ್ಬರದು ಮದುವೆಯ ಪ್ಲಾಸ್ಟಿಕ್ ಚಾಪೆ. ಬಟ್ಟೆ ಅಂಗಡಿಯವರ ಸೊಸೆ ಒಂದು ಫ್ಲೆಕ್ಸ್ ಬ್ಯಾನರ್ ತರುತ್ತಿದ್ದಳು. ಅದರಲ್ಲಿ ಯಾರೋ ಮುಖಂಡರು ಕೈಮುಗಿದು ನಗುತ್ತಿದ್ದರು. ಆಕೆ ಅವರ ಮೀಸೆಯ ಮೇಲೆ ಪದ್ಮಾಸನ ಹಾಕುತ್ತಿದ್ದಳು.

"ಅವರಿಗಿ ಓಟ್ ಹಾಕಿ ಗೆಲ್ಲಿಸೀವ್ರಿ, ಇಷ್ಟಾದ್ರೂ ಭಾರ ಹೊರಲಿ," ಎನ್ನುವಳು. ಎಲ್ಲರೂ ನಗುವರು.

ಆ ಹನ್ನೆರಡು ಜನರಲ್ಲಿ ಒಬ್ಬಳು ಕೌದಿ ತರುತ್ತಿದ್ದಳು. ಮನೂರ್ ಕಡೆಯ ಹಳ್ಳಿಯವಳು, ನಮ್ಮ ಹಿಂದಿನ ಗಲ್ಲಿಯಲ್ಲಿ ಬಾಡಿಗೆಗಿದ್ದಳು. ಜೋಳದ ರೊಟ್ಟಿ ಬಡಿದು ಹೈವೇ ಮೇಲಿನ ಒಂದು ಖಾನಾವಳಿಗೂ ಓಣಿಯ ಆರೇಳು ಮನೆಗೂ ಕೊಡುವುದು ಅವಳ ಕಸುಬು. ಬಡಿದು ಬಡಿದು ಭುಜ ಹಿಡಿದುಕೊಂಡಿತ್ತು. ಯೋಗ ಎಲ್ಲ ನಮಗ್ಯಾಕ್ರಿ ಎಂದವಳನ್ನು ಬಾ ಎಂದು ಕರೆದವಳು ನಾನೇ.

ಎಲ್ಲರಿಗೂ ಒಂದೇ ಥರದ ಮ್ಯಾಟ್ ಬೇಕೆಂದು ಪೇಟೆಯ ಆಟದ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯ ಚಾಚಾ ಒಳ್ಳೆಯ ಮನುಷ್ಯ. ಮೊದಲು ಅವರು ತೆಗೆದು ಹಾಕಿದ್ದು ಯಾವ ಚಿತ್ರವೂ ಇಲ್ಲದ, ಸ್ವಲ್ಪ ತೂಕದ ರಬ್ಬರಿನವು. ಕೈಯಲ್ಲಿ ಒತ್ತಿದೆ, ಮೂಸಿದೆ. ಚೆನ್ನಾಗಿದ್ದವು. ಆದರೆ ಹಸಿರು ನಾಲ್ಕು, ನೇರಳೆ ಮೂರು, ಕಪ್ಪು ಐದು. ಉದ್ದವೂ ಒಂದೊಂದು.

"ಹನ್ನೆರಡೂ ಒಂದೇ ಬೇಕು," ಎಂದೆ.

"ಆಪಾ, ರಂಗ್ ನೋಡಿ ಏನು ಮಾಡ್ತೀರಿ, ಪಕಡ್ ನೋಡ್ರಿ," ಎಂದರು ಚಾಚಾ. ಪಕಡ್ ಎಂದರೆ ಹಿಡಿತ. "ಇದು ನೆಲ ಬಿಡಾಂಗಿಲ್ಲ."

"ಒಂದೇ ಥರ ಇದ್ರ ಕೊಡ್ರಿ, ಇಲ್ಲಾಂದ್ರ ಬ್ಯಾರೆ ಅಂಗಡಿ ನೋಡ್ತೀನಿ."

ಆಗ ಅವರು ಮೇಲಿನಿಂದ ಒಂದು ಕಟ್ಟು ಇಳಿಸಿದರು. ಹನ್ನೆರಡೂ ನೀಲಿ, ಒಂದೇ ಉದ್ದ. ಒಂದು ತುದಿಯಲ್ಲಿ ಬಂಗಾರದ ಬಣ್ಣದಲ್ಲಿ ದೊಡ್ಡ ಓಂ. ಓಂ ಇದ್ದ ಕಡೆ ನುಣುಪು, ಹಿಂದೆ ಗೆರೆಗೆರೆ. ಚಾಚಾ ಗೆರೆಗಳ ಮೇಲೆ ಉಗುರು ಎಳೆದು ತೋರಿಸಿದರು. "ಜರಾ ಕೇಳ್ರಿ ಆಪಾ. ಈ ಕಡೆ ಕೆಳಗ ಬರಬೇಕು. ಉಲ್ಟಾ ಆತಂದ್ರ..."

"ಮೂವತ್ತೈದು ವರ್ಷ ಹಾಸಿಗಿ ಹಾಸೀನಿ ಚಾಚಾ. ಕಟ್ರಿ," ಎಂದೆ.

ಅವರು ನಕ್ಕು ಕಟ್ಟಿದರು.

ಮರುದಿನ ಬೆಳಗ್ಗೆ ಹನ್ನೆರಡು ಮ್ಯಾಟ್ ಮೂರು ಸಾಲಿನಲ್ಲಿ ಹಾಸಿದಾಗ ನನಗೆ ಎಷ್ಟೋ ವರ್ಷದ ಮೇಲೆ ವಾರ್ಡನ್ನು ನೋಡಿದ ಹಾಗಾಯಿತು. ಹೆಂಗಸರು ಒಳಗೆ ಬಂದರು, ಅಂಚಿನಲ್ಲೇ ನಿಂತುಬಿಟ್ಟರು. ಎಲ್ಲರಿಗಿಂತ ಹಿರಿಯರು, ನಾವು ದೊಡ್ಡವ್ವ ಎನ್ನುವವರು, ಕೊರಳಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡರು.

"ಓಂಕಾರದ ಮ್ಯಾಲ ಕಾಲಿಡೂದು ಹೆಂಗವ್ವ?"

ಬಟ್ಟೆ ಅಂಗಡಿಯ ಸೊಸೆಯೂ ಹಿಂದೆ ಸರಿದಳು. "ಲೀಡರನ ಮೀಸಿ ಮ್ಯಾಲಾದ್ರ ನಿಂದರ್ತಿದ್ದೆ. ಇದು ಬ್ಯಾಡ್ರಿ ಅಕ್ಕಾರ."

ಗುಸುಗುಸು ಎದ್ದಿತು. ಗಡಿಯಾರ ಐದು ಮೂವತ್ತೈದು ತೋರಿಸುತ್ತಿತ್ತು. ನನಗೆ ತಡೆಯಲಾಗಲಿಲ್ಲ. "ಉಲ್ಟಾ ಹಾಸ್ರಿ," ಎಂದೆ. "ಎಲ್ಲರೂ ಉಲ್ಟಾ ಹಾಸ್ರಿ. ಓಂ ಕಾಣೂದಿಲ್ಲ, ಕಾಲೂ ತಾಗೂದಿಲ್ಲ. ಬೇಗ!"

"ಪಾಪ, ಶಿವ ಬೋರಲ ಮಲಗಿದ," ಎಂದಳು ಬಟ್ಟೆ ಅಂಗಡಿಯ ಸೊಸೆ. ದೊಡ್ಡವ್ವನೂ ನಕ್ಕರು. ಹನ್ನೊಂದು ಮ್ಯಾಟ್ ತಿರುಗಿದವು. ರೊಟ್ಟಿಯವಳು ತನ್ನದನ್ನು ತಿರುಗಿಸಲಿಲ್ಲ. ಓಂ ಇದ್ದ ತುದಿಯನ್ನು ಗೋಡೆಯ ಕಡೆ ಮಾಡಿ, ತಾನು ಈಚೆ ತುದಿಗೆ ನಿಂತಳು.

"ಅಕ್ಕಾರ, ಓಂ ಒಂದು ಕಡಿಗಷ್ಟೇ ಅದ. ನಾ ಇತ್ಲಾಗ ನಿಂದರ್ತೀನಿ. ಮಲಗುವಾಗ ತಲಿ ಆ ಕಡೆ ಇಡ್ತೀನಿ. ನಮ್ಮನ್ಯಾಗ ಬುದ್ಧರನ್ನ ಇಟ್ಟೀವಿ, ಆದ್ರೂ ಯಾರ ದೇವರನ್ನೂ ತುಳಿಯಾಂಗಿಲ್ರಿ ನಾವು."

ಅದಕ್ಕಿಂತ ಸರಿಯಾದ ಮಾತು ಅವತ್ತು ಆ ಹಾಲಿನಲ್ಲಿ ಯಾರೂ ಆಡಿರಲಿಲ್ಲ. ನನಗೆ ಕಂಡದ್ದು ಮಾತ್ರ ಮೂರನೆಯ ಸಾಲಿನಲ್ಲಿ ಒಂದು ಮ್ಯಾಟ್ ಬೇರೆಯಾಗಿರುವುದು.

"ಎಲ್ಲಾರದೂ ಒಂದಾದ್ರ ನಿಂದೊಂದು ಯಾಕ? ತಿರುಗಿಸು," ಎಂದೆ.

ಅವಳು ಬಗ್ಗಿ ತಿರುಗಿಸಿದಳು.

ನಾಲ್ಕು ದಿನ ಏನೂ ಆಗಲಿಲ್ಲ. ನಿಂತ ಜಾಗದಲ್ಲೇ ಕೈ ಚಾಚುವ, ಕುಳಿತು ಬಗ್ಗುವ ಆಸನಗಳು. ಪಾದದ ಕೆಳಗೆ ಗೆರೆಗಳು ಒತ್ತುತ್ತಿದ್ದುದರಿಂದ ಕಾಲು ಗಟ್ಟಿ ಕೂತ ಹಾಗೆ ಅನ್ನಿಸುತ್ತಿತ್ತು. ಐದನೆಯ ದಿನ ವೀರಭದ್ರಾಸನ. ಬಲಗಾಲನ್ನು ದೂರ ಮುಂದಿಟ್ಟು ಮೊಣಕಾಲು ಬಗ್ಗಿಸಬೇಕು. ಹಿಂದಿನ ದಿನ ಹಾಲಿನಲ್ಲಿ ನಿಶ್ಚಿತಾರ್ಥವಿತ್ತು, ನೆಲದ ತಾಂಡೂರು ಕಲ್ಲನ್ನು ತಿಕ್ಕಿ ಹೊಳೆಯಿಸಿದ್ದರು. "ಒಂದ್!" ಎಂದೆ. ಹನ್ನೆರಡು ಕಾಲು ಮುಂದಕ್ಕೆ ಬಿದ್ದವು. ಒಂದಿಬ್ಬರು ಅಯ್ಯೋ ಎಂದು ಸಾವರಿಸಿಕೊಂಡರು. ಮೂರನೆಯ ಸಾಲಿನಿಂದ ಒಣ ಕಟ್ಟಿಗೆ ಮುರಿದಂಥ ಸದ್ದು ಬಂತು. ರೊಟ್ಟಿಯವಳ ಹತ್ತಿರ ಹೋಗುವ ಮೊದಲೇ ನನಗೆ ಅದು ಯಾವ ಎಲುಬು ಎಂದು ಗೊತ್ತಾಗಿತ್ತು. ಬೀಳುವಾಗ ಮನುಷ್ಯರು ಕೈ ಊರುತ್ತಾರೆ. ಮಣಿಕಟ್ಟು ಸೌಟಿನ ಹಿಡಿಯ ಹಾಗೆ ಬಾಗಿತ್ತು.

ಅವಳ ಮಗ್ಗುಲಲ್ಲಿ ಕೂತು, ಕಾಲನ್ನು ನೀಟಾಗಿ ಇಡಲು ಹಿಮ್ಮಡಿ ಹಿಡಿದು ಎತ್ತಿದೆ. ಎತ್ತುತ್ತಲೇ ಎಲ್ಲರಿಗೂ ಕೇಳುವಂತೆ ಅಂದೆ: "ಹಿಮ್ಮಡ ಒಡದಾವಂತ ಎಣ್ಣಿ ಹಚ್ಕೊಂಡು ಬರ್ತೀರಿ, ಮತ್ತ ಬೀಳ್ತೀರಿ! ಎಷ್ಟ ಸಲ ಹೇಳೀನಿ?"

"ಇಲ್ರಿ ಅಕ್ಕಾರ... ಹಚ್ಚಿಲ್ರಿ," ಎಂದಳು, ನೋವಿನಲ್ಲಿ ತುಟಿ ಕಚ್ಚಿಕೊಂಡು.

"ಸುಮ್ಮನಿರು. ಕೈ ಅಲ್ಲಾಡಿಸಬ್ಯಾಡ."

ನನ್ನ ಕೈಯಲ್ಲಿದ್ದ ಹಿಮ್ಮಡಿ ಒಣಗಿತ್ತು. ಬಿರುಕುಗಳಲ್ಲಿ ಜೋಳದ ಹಿಟ್ಟು ಕೂತಿತ್ತು. ನಾನು ಅದನ್ನು ನೋಡಿದೆ. ನೋಡಿಯೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಪತ್ರಿಕೆಯನ್ನು ಮಡಿಸಿ ಕೈಗೆ ಆಸರೆ ಕಟ್ಟಿದೆ, ಆಟೋ ಕರೆಸಿದೆ, ಆಸ್ಪತ್ರೆಯಲ್ಲಿ ಸಾಲು ನಿಲ್ಲದ ಹಾಗೆ ನೋಡಿಕೊಂಡೆ. ಎಲ್ಲ ಚಕಚಕನೆ ಆಯಿತು. ಆರು ವಾರದ ಪ್ಲಾಸ್ಟರ್.

ಮಧ್ಯಾಹ್ನ ಅವಳು ಬಿದ್ದ ಮ್ಯಾಟನ್ನು ಮನೆಗೆ ತಂದು ಪಡಸಾಲೆಯ ಕಲ್ಲಿನ ಮೇಲೆ ಬೋರಲು ಹಾಸಿದೆ. ಕಿಟಕಿಯ ಸರಳು ಹಿಡಿದುಕೊಂಡು ಬಲಗಾಲು ಮುಂದಿಟ್ಟೆ. ಮ್ಯಾಟ್ ನನ್ನನ್ನು ಹೊತ್ತುಕೊಂಡೇ ಒಂದು ಗೇಣು ಮುಂದೆ ಹೋಯಿತು. ತಿರುಗಿಸಿ ನೆಟ್ಟಗೆ ಹಾಸಿದೆ. ಅಲ್ಲಾಡಲಿಲ್ಲ. ಬಿಪಿ ಹೆಚ್ಚು ಕಂಡರೆ ಎರಡನೆಯ ಸಲ ನೋಡುವ ರೂಢಿ ನಮ್ಮದು. ನಾನು ನಾಲ್ಕು ಸಲ ನೋಡಿದೆ. ಚಾಚಾ ಪೂರ್ತಿ ಮಾಡಲಾಗದೆ ಬಿಟ್ಟ ಮಾತು ಏನೆಂದು ಆಗ ಗೊತ್ತಾಯಿತು. ನೆಲ ನೋಡು ಎಂದು ಊರಿಗೆಲ್ಲ ಕಲಿಸಿದವಳು ನೆಲ ನೋಡದೆ ಬಿದ್ದವಳನ್ನು ಬೈದಿದ್ದೆ.

ಮರುದಿನ ತರಗತಿಯಲ್ಲಿ ಹೇಳಬಹುದಿತ್ತು. ನಾನು ಹೇಳಿದ್ದು ಇಷ್ಟೇ: "ಇನ್ನ ಮುಂದ ಮ್ಯಾಟ್ ನೆಟ್ಟಗ ಹಾಸ್ರಿ. ಓಂ ಗ್ವಾಡಿ ಕಡೆ ಇರಲಿ, ನೀವು ಇತ್ಲಾಗ ನಿಂದರ್ರಿ."

"ಇದು ಛೊಲೊ ಆತು. ಯಾಕ್ರಿ ಅಕ್ಕಾರ, ಒಮ್ಮಿಗೇ?" ಎಂದರು ದೊಡ್ಡವ್ವ.

"ನಾ ಹೇಳೀನಂದ್ರ ಹಾಸ್ರಿ."

ಅದು ಅವಳ ಮಾತು. ಅವಳಿಲ್ಲದಾಗ ನನ್ನದೆಂಬಂತೆ ಆಡಿದೆ. ಬಟ್ಟೆ ಅಂಗಡಿಯ ಸೊಸೆ ಮ್ಯಾಟ್ ತಿರುಗಿಸುತ್ತ, "ಎಣ್ಣಿ ಹಚ್ಕೊಂಡು ಬರೋರಿಗಿ ಯಾವ ಕಡೆ ಹಾಸಿದ್ರೇನ್ರಿ," ಎಂದಳು. ನಾಲ್ಕಾರು ಜನ ನಕ್ಕರು. ಮಾತು ನನ್ನ ಬಾಯಿಯವರೆಗೆ ಬಂತು. "ಉಸಿರು ಒಳಗ," ಎಂದುಬಿಟ್ಟೆ.

ಆರು ವಾರದಲ್ಲಿ ಅವಳ ಮನೆಗೆ ವಾರಕ್ಕೆರಡು ಸಲ ಹೋದೆ. ಮಂಗಳವಾರ, ಶುಕ್ರವಾರ, ನಾಲ್ಕು ಗಂಟೆಗೆ. ಮೋಸಂಬಿ ಒಯ್ದೆ. ಬೆರಳು ಮಡಿಚಿ ಬಿಚ್ಚುವ ವ್ಯಾಯಾಮ ಕಲಿಸಿದೆ. ದಿನಕ್ಕೆ ಎಷ್ಟು ಸಲ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಬುದ್ಧನ ಪಟದ ಕೆಳಗೆ ಗೋಡೆಗೆ ಅಂಟಿಸಿದೆ. ಅವಳ ನೆಗೆಣ್ಣಿ, ಅಂದರೆ ವಾರಗಿತ್ತಿ, ರೊಟ್ಟಿ ಬಡಿಯುತ್ತಿದ್ದಳು, ಆದರೆ ಆಕೆಯ ರೊಟ್ಟಿ ದಪ್ಪ. ಮೂರನೆಯ ವಾರಕ್ಕೆ ಖಾನಾವಳಿಯವರು ಬೇರೆಯವರಿಂದ ತರಿಸತೊಡಗಿದರು.

"ಅಕ್ಕಾರ, ಮತ್ತ ರೊಟ್ಟಿ ಬಡಿಯಾಕ ಬರ್ತದಲ್ರಿ?" ಎಂದು ಪ್ರತಿ ಸಲವೂ ಕೇಳುವಳು.

"ಬರ್ತದ. ಬೆರಳು ಆಡಿಸು," ಎನ್ನುವೆ. ಎದ್ದು ಬರುವಾಗ ಅವಳು ನನ್ನ ಮುಖವನ್ನು ಒಂದು ಗಳಿಗೆ ಹೆಚ್ಚಿಗೆ ನೋಡುತ್ತಾಳೆ ಅನ್ನಿಸುತ್ತಿತ್ತು. ಕೃತಜ್ಞತೆ ಇರಬೇಕು ಎಂದುಕೊಂಡೆ. ಹಾಗೆ ಅಂದುಕೊಂಡದ್ದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಪ್ಲಾಸ್ಟರ್ ತೆಗೆಸಿದ ವಾರ ಹೋದಾಗ ಅವಳು ಒಲೆಯ ಮುಂದೆ ಕೂತಿದ್ದಳು. ಹಿಟ್ಟು ನಾದಿ, ಉಂಡೆ ಮಾಡಿ, ಕೊಣಮಿಗೆ ಎನ್ನುವ ಮರದ ಹರಿವಾಣದಲ್ಲಿ ಬಡಿಯತೊಡಗಿದಳು. ಹಿಂದೆ ಅವಳ ಅಂಗೈ ಕೆಳಗೆ ರೊಟ್ಟಿ ತಾನೇ ತಿರುಗುತ್ತಿತ್ತು. ಈಗ ಮಣಿಕಟ್ಟು ಅರ್ಧಕ್ಕೇ ನಿಲ್ಲುತ್ತಿತ್ತು. ಒಂದು ಕಡೆ ದಪ್ಪ ಉಳಿದು, ಎತ್ತುವಾಗ ರೊಟ್ಟಿ ನಡುವೆ ಹರಿಯಿತು. ಮತ್ತೆ ಮುದ್ದೆ ಮಾಡಿದಳು. ಮತ್ತೆ ಬಡಿದಳು. ಮತ್ತೆ ಹರಿಯಿತು. ಮೂರನೆಯ ಸಲಕ್ಕೆ ನನಗೆ ಕೂರಲಾಗಲಿಲ್ಲ.

"ನೀ ಬಿದ್ದಿದ್ದು ನಿನ್ನ ತಪ್ಪಲ್ಲ," ಎಂದೆ. "ಮ್ಯಾಟ್ ಉಲ್ಟಾ ಹಾಸಿದ್ದಕ್ಕ ಜಾರ್ತು. ಹಾಸ ಅಂದಾಕಿ ನಾನು."

ಅವಳು ಹಿಟ್ಟಿನ ಕೈ ಎತ್ತಲಿಲ್ಲ. "ಗೊತ್ತದ್ರಿ."

"ಯಾವಾಗಿಂದ?"

"ಬೀಳಾಗೇ ಗೊತ್ತಾತು. ನನ್ನ ಕಾಲು ಮ್ಯಾಟಿನ ಮ್ಯಾಲೇ ಇತ್ರಿ. ಮ್ಯಾಟೇ ನನ್ನ ಕರ್ಕೊಂಡು ಹೋತು."

"ಮತ್ತ ಹೇಳಬೇಕಿತ್ತಿಲ್ಲ ಹುಡುಗಿ?"

"ನೀವು ಹೇಳಾಕ ಬಿಟ್ರೇನ್ರಿ?"

ಒಳಗೆ ನೆಗೆಣ್ಣಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು.

"ಮಂಗಳವಾರ ಬಂದ್ರ, ಇವತ್ತ ಹೇಳ್ತಾರ ಅಂತ ಕುಂದರ್ತಿದ್ದೆ," ಎಂದಳು ಅವಳು. "ಮೋಸಂಬಿ ಕೊಟ್ಟು ಹೋಗ್ತಿದ್ರಿ. ಶುಕ್ರವಾರ ಹೇಳ್ತಾರ ಅಂತಿದ್ದೆ. ನನ್ನ ನೆಗೆಣ್ಣಿ ಅಂತಿದ್ಳು, ಹಣ್ಣು ಹೆಚ್ಚಾದಷ್ಟೂ ಮಾತು ಕಡಿಮಿ ಆಗ್ತದ ನೋಡು ಅಂತ."

"ಈಗ ಹೇಳೀನಲ್ಲ."

"ನನಗ ಹೇಳಿ ಏನು ಮಾಡ್ತೀರಿ ಅಕ್ಕಾರ? ನನಗ ಗೊತ್ತಿದ್ದದ್ದೇ. ಗೊತ್ತಿಲ್ದವರಿಗಿ ಹೇಳ್ರಿ." ಮೊದಲ ಸಲ ಅವಳ ದನಿ ಏರಿತು. "ಬಟ್ಟಿ ಅಂಗಡಿ ವೈನಿ ಮೊನ್ನಿ ಕೇಳಿದ್ರು, ಕಾಲಿಗಿ ಹಚ್ಚಿದ ಎಣ್ಣಿ ಕೈಲೇ ರೊಟ್ಟಿ ಮಾಡ್ತಿದ್ದೇನ ನೀ ಅಂತ. ನಕ್ಕೋತ ಕೇಳಿದ್ರು. ಮರುದಿನದಿಂದ ಅವರ ಮನಿಗಿ ರೊಟ್ಟಿ ಬ್ಯಾಡ ಅಂದ್ರು. ಅವರನ್ನ ನೋಡಿ ಮತ್ತೆರಡು ಮನಿಯವ್ರೂ ಬಿಟ್ರು. ಕೈ ಇವತ್ತಲ್ಲ ನಾಳಿಗಿ ತಿರುಗ್ತದ. ಹೊಲಸ ಕೈ ಅನ್ನೂ ಮಾತು ತಿರುಗ್ತದೇನ್ರಿ?"

ನನ್ನ ಒಂದು ಸಿಟ್ಟಿನ ಮಾತು ಇಷ್ಟು ದೂರ ಹೋಗಿರಬಹುದು ಎಂದು ನನಗೆ ಹೊಳೆದಿರಲಿಲ್ಲ. ಕೈಯಲ್ಲಿ ಉಣ್ಣುವುದನ್ನು ಮಾಡಿ ಮಾರುವ ಹೆಂಗಸಿಗೆ, ಅದರಲ್ಲೂ ಊರ ಹೊರಗಿನ ಕೇರಿಯಿಂದ ಬಂದವಳಿಗೆ, ಆ ಮನೆಗಳ ಬಾಗಿಲು ತೆರೆಯಲು ಎಷ್ಟು ವರ್ಷ ಹಿಡಿದಿತ್ತೋ. ಮುಚ್ಚಲು ಒಂದು ಮಾತು ಸಾಕಾಗಿತ್ತು, ಆ ಮಾತು ನನ್ನದಾಗಿತ್ತು.

"ನಾಳಿಗಿ ಹೇಳ್ತೀನಿ," ಎಂದೆ. "ನೀನೂ ಬಾ."

"ಬರ್ತೀನ್ರಿ," ಎಂದಳು. "ಆದ್ರ ಯೋಗಕ್ಕಲ್ಲ."

ಮರುದಿನ ಐದೂವರೆಗೆ ಎಲ್ಲರೂ ಮ್ಯಾಟಿನ ಮೇಲೆ ನಿಂತಿದ್ದರು. ಅವಳು ಚಪ್ಪಲಿ ಕಳೆಯದೆ ಬಾಗಿಲಲ್ಲೇ ನಿಂತಳು. ನಾನು ಪಾಳಿ ಬದಲಾಗುವಾಗ ವರದಿ ಒಪ್ಪಿಸುವ ಹಾಗೆ ಹೇಳಿದೆ: ಅಂಗಡಿಯಲ್ಲಿ ಒಳ್ಳೆಯ ಮ್ಯಾಟ್ ಇದ್ದವು, ಬಣ್ಣ ಬೇರೆ ಎಂದು ಬಿಟ್ಟೆ. ಅಂಗಡಿಯವರು ಉಲ್ಟಾ ಹಾಸಬೇಡಿ ಎನ್ನಲು ಬಂದರು, ಬಾಯಿ ಮುಚ್ಚಿಸಿದೆ. ಈಕೆ ಸರಿಯಾಗಿ ಹಾಸಿದ್ದಳು, ನಾನು ತಿರುಗಿಸು ಎಂದೆ. ಅದಕ್ಕೇ ಬಿದ್ದಳು. ಮನೆಯಲ್ಲಿ ಹಾಸಿ ನೋಡಿ ಅವತ್ತೇ ತಿಳಿದುಕೊಂಡೆ, ಇವತ್ತಿನವರೆಗೆ ಹೇಳಲಿಲ್ಲ.

ಒಂದು ನಿಮಿಷವೂ ಹಿಡಿಯಲಿಲ್ಲ. ಅದಕ್ಕೆ ಏಳು ವಾರ ತೆಗೆದುಕೊಂಡಿದ್ದೆ.

"ಶಿವಾ! ನನ್ನ ಮಾತಿನಿಂದ ಆತೇನವ್ವ ಇದು?" ಎಂದು ದೊಡ್ಡವ್ವ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಇಲ್ಲ ದೊಡ್ಡವ್ವ. ನೀವು ಕಾಲಿಡೂದು ಹೆಂಗ ಅಂತ ಕೇಳಿದ್ರಿ. ಉಲ್ಟಾ ಹಾಸ್ರಿ ಅಂದಾಕಿ ನಾನು."

ಮುಗಿಯಿತು ಎಂದುಕೊಂಡು ನಾನು ಉಸಿರು ಬಿಡುವಷ್ಟರಲ್ಲಿ ಬಾಗಿಲಿನಿಂದ ದನಿ ಬಂತು. "ಎಣ್ಣಿ ಮಾತು ಬಿಟ್ರಿ, ಅಕ್ಕಾರ."

ಹೌದು, ಬಿಟ್ಟಿದ್ದೆ. ಅವಳು ಬೀಳುವವರೆಗಿನದೆಲ್ಲ ತಿಳಿಯದೆ ಮಾಡಿದ್ದು, ಈ ಸುಳ್ಳನ್ನು ತಿಳಿದು ಆಡಿದ್ದೆ. ಹಾಗಾಗಿಯೇ ನಾಲಿಗೆ ಅದನ್ನು ದಾಟಿ ಹೋಗಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಈಕಿ ಹಿಮ್ಮಡಕ್ಕ ಎಣ್ಣಿ ಇದ್ದಿದ್ದಿಲ್ಲ," ಎಂದೆ. "ನಾ ಕೈಯಾಗ ಹಿಡ್ಕೊಂಡಿದ್ದೆ. ಒಣಾ ಇತ್ತು. ಇಲ್ಲ ಅಂತ ಗೊತ್ತಿದ್ದೂ ಸುಳ್ಳ ಹೇಳ್ದೆ."

ಬಟ್ಟೆ ಅಂಗಡಿಯ ಸೊಸೆ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡಳು. ಬಾಗಿಲಲ್ಲಿದ್ದವಳು ಹಾಲಿನೊಳಗೆ ಒಬ್ಬೊಬ್ಬರ ಮುಖವನ್ನೂ ನೋಡಿದಳು, ಎಲ್ಲರಿಗೂ ಕೇಳಿಸಿತೋ ಇಲ್ಲವೋ ಎಂದು ನೋಡುವವಳ ಹಾಗೆ. "ಆತ್ರಿ," ಎಂದು ಇಳಿದು ಹೋದಳು.

ಬಟ್ಟೆ ಅಂಗಡಿಯ ಮನೆಯವರು ಮತ್ತೆ ರೊಟ್ಟಿ ಕೇಳಿ ಕಳಿಸಿದರಂತೆ. ಉಳಿದ ಎರಡು ಮನೆಗೆ ಒಪ್ಪಿಕೊಂಡವಳು ಅವರಿಗೆ ಮಾತ್ರ ಈಗ ಆಗುವುದಿಲ್ಲ ಎಂದಳಂತೆ. ಮಣಿಕಟ್ಟು ಮುಕ್ಕಾಲು ತಿರುಗುತ್ತದೆ, ಪೂರ್ತಿ ತಿರುಗುವುದಿಲ್ಲ. ಮಂಗಳವಾರ, ಶುಕ್ರವಾರ ಈಗಲೂ ಹೋಗಿ ಕೈ ನೋಡಿ ಬರುತ್ತೇನೆ. ಕೈ ಕೊಡುತ್ತಾಳೆ, ಹೇಳಿದ ಕಡೆ ತಿರುಗಿಸುತ್ತಾಳೆ, ಚಹಾ ಕೊಡುತ್ತಾಳೆ. ತರಗತಿಗೆ ಬಾ ಎಂದು ಮತ್ತೆ ಕರೆಯುವ ಬಾಯಿ ನನಗೆ ಬಂದಿಲ್ಲ, ಅವಳೂ ಕೇಳಿಲ್ಲ.